ಅಂಡಾಶಯ ತೆಗೆಸಿದೆ, ಸ್ತನ ಉಳಿಸಿಕೊಂಡೆ: ನಾನು ಹಾಕಿದ ಲೆಕ್ಕ

ಎರಡೂ ಅಂಡಾಶಯ, ಎರಡೂ ಅಂಡನಾಳ ತೆಗೆಸಿದ್ದೇನೆ. ಸ್ತನಗಳನ್ನು ಮುಟ್ಟಿಸಿಲ್ಲ. ನನಗೆ ಕ್ಯಾನ್ಸರ್ ಇರಲಿಲ್ಲ, ಈಗಲೂ ಇಲ್ಲ. ವಯಸ್ಸು ನಲವತ್ತು ದಾಟಿದೆ. ಊರು ತಿಪಟೂರು, ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. "ಹುಷಾರಾಗಿರೋರು ಯಾರಾದ್ರೂ ಆಪರೇಷನ್ ಮಾಡಿಸ್ಕೋತಾರೇನಮ್ಮ?" ಅಂತ ನಾನು ಆಸ್ಪತ್ರೆಗೆ ಹೊರಡುವ ದಿನದವರೆಗೂ ಚಿಕ್ಕಪ್ಪ ಕೇಳಿದರು. ಅದಕ್ಕೂ ಮುಂಚೆ ಒಬ್ಬ ಡಾಕ್ಟರು, "ರಿಪೋರ್ಟ್ ನೆಗೆಟಿವ್ ಇದೆ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂದು ಕಳಿಸಿದ್ದರು. ಆ ರಿಪೋರ್ಟು ಅರ್ಧಂಬರ್ಧ ಅಂತ ಹೇಗೆ ಗೊತ್ತಾಯಿತು, ಆಮೇಲೆ ಯಾವುದನ್ನು ತೆಗೆಸಬೇಕು, ಯಾವುದನ್ನು ಬಿಡಬೇಕು ಅಂತ ಹೇಗೆ ತೀರ್ಮಾನಿಸಿದೆ, ದುಡ್ಡು ಎಷ್ಟು ಹೋಯಿತು, ಅಷ್ಟನ್ನು ಬರೆಯುತ್ತೇನೆ. ಬಿಆರ್‌ಸಿಎ1, ಬಿಆರ್‌ಸಿಎ2 ಅಂತ ಎರಡು ಜೀನು; ಅವುಗಳಲ್ಲಿ ಹುಟ್ಟಿನಿಂದಲೇ ದೋಷ (ಮ್ಯುಟೇಷನ್) ಇದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಬಹಳ ಏರುತ್ತದೆ. ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ. ಇದನ್ನು ಹುಡುಕಿಕೊಂಡು ಬಂದವರಿಗೆ ಉಳಿದದ್ದು ಗೊತ್ತೇ ಇರುತ್ತದೆ.

ಮೊದಲು ವಂಶವೃಕ್ಷ. ನಮ್ಮ ಕಡೆ ಹಳಬರು ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪನ ತಾಯಿ ಏನಾಗಿ ಹೋದರು ಅಂದರೆ "ಹೊಟ್ಟೆಗೆ ನೀರು ತುಂಬಿಕೊಂಡು" ಅನ್ನುತ್ತಾರೆ. ಅಜ್ಜಿಯ ತಂಗಿಯೂ ಹಾಗೇ ಹೋದರಂತೆ. ಇಬ್ಬರಿಗೂ ಐವತ್ತರ ಆಸುಪಾಸು, ಇಬ್ಬರೂ ಕುಡಿದವರಲ್ಲ, ಕಾಮಾಲೆ ಆದವರೂ ಅಲ್ಲ. ಹೆಣ್ಣುಮಕ್ಕಳಲ್ಲಿ ಆ ವಯಸ್ಸಿಗೆ ಹೊಟ್ಟೆ ಊದಿ, ಸೂಜಿ ಹಾಕಿ ನೀರು ತೆಗೆದರೂ ಮತ್ತೆ ಮತ್ತೆ ತುಂಬುತ್ತಿತ್ತು ಅಂದರೆ ಅಂಡಾಶಯದ ಮೇಲೇ ಮೊದಲ ಅನುಮಾನ ಬರಬೇಕು. ದೊಡ್ಡ ಅತ್ತೆ ಸ್ತನ ಕ್ಯಾನ್ಸರ್ ಆಗಿ ನಲವತ್ತು ತುಂಬುವ ಹೊತ್ತಿಗೆ ಹೋದರು. ಚಿಕ್ಕ ಅತ್ತೆಗೆ ಅಂಡಾಶಯದ್ದು, ಆಪರೇಷನ್, ಕೀಮೋ ಎಲ್ಲ ಮುಗಿಸಿ ಇವತ್ತಿಗೂ ಗಟ್ಟಿಯಾಗಿದ್ದಾರೆ. ತಿಥಿಗೆ ಅಂತ ನೆಂಟರೆಲ್ಲ ಸೇರಿದಾಗ ಹಿರಿಯರ ಪಕ್ಕ ಕೂತು ಇದನ್ನೆಲ್ಲ ಬರೆದುಕೊಂಡೆ. ಅವರ ಬಾಯಿ ಬಿಡಿಸಲು ಇನ್ನೊಂದು ಉಪಾಯವನ್ನೂ ಬಳಸಿದೆ. ಅದು ಮನೆಯೊಳಗಿನ ವಿಷಯ, ಇಲ್ಲಿ ಬೇಡ. ಆಮೇಲೆ ಜೆನೆಟಿಕ್ ಕೌನ್ಸೆಲರ್ (ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಆ ಹಾಳೆ ನೋಡಿ, ತಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಒಂದು ಜೆರಾಕ್ಸ್ ಮಾಡಿಟ್ಟುಕೊಂಡರು.

ಈ ಪಟ್ಟಿಯಲ್ಲಿ ಇರುವವರೆಲ್ಲ ಅಪ್ಪನ ಕಡೆಯವರು. ಮೊದಲು ನೋಡಿದ ಡಾಕ್ಟರು ಕೇಳಿದ್ದು "ತಾಯಿ ಕಡೆ ಯಾರಿಗಾದರೂ ಇತ್ತಾ?" ಅಂತ ಮಾತ್ರ. ಈ ಮ್ಯುಟೇಷನ್ ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ, ನೂರಕ್ಕೆ 50. ಅಪ್ಪನಿಗೆ ಅಣ್ಣತಮ್ಮಂದಿರೇ ಜಾಸ್ತಿ ಇದ್ದರೆ ಒಂದಿಡೀ ತಲೆಮಾರು ಏನೂ ಕಾಣದೆ ದಾಟಿಬಿಡಬಹುದು.

ಇನ್ನು ರಕ್ತ ಪರೀಕ್ಷೆ. ಮನೆಯವರು ನನ್ನದನ್ನೇ ಮೊದಲು ಮಾಡಿಸು ಅಂದರು. ನಾನು ಒಪ್ಪಲಿಲ್ಲ. ಮನೆತನದಲ್ಲಿ ಯಾವ ಮ್ಯುಟೇಷನ್ ಓಡಾಡುತ್ತಿದೆ ಅಂತ ಗೊತ್ತಾಗುವ ತನಕ ಹುಷಾರಾಗಿರುವವರ ನೆಗೆಟಿವ್‌ಗೆ ಬೆಲೆ ಇಲ್ಲ. ಕಾಯಿಲೆ ಬಂದವರ ರಕ್ತದಲ್ಲೇ ಮೊದಲು ಹುಡುಕಬೇಕು. ಚಿಕ್ಕ ಅತ್ತೆಯನ್ನು ಒಪ್ಪಿಸಿ ಅವರ ಪ್ಯಾನೆಲ್, ಅಂದರೆ ಹಲವು ಜೀನುಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ, ಮಾಡಿಸಿದೆ. ಸುಮಾರು 22 ಸಾವಿರ ಆಯಿತು. ರಿಪೋರ್ಟ್ ನೆಗೆಟಿವ್! ಜೊತೆಗೆ ಬೇರೆ ಯಾವುದೋ ಜೀನಿನಲ್ಲಿ ಒಂದು ವಿಯುಎಸ್ ಬರೆದಿದ್ದರು. ನೆಂಟರು ಹೆದರಿದ್ದು ಅದಕ್ಕೆ. ಅದನ್ನು ನಾನು ಬದಿಗಿಟ್ಟೆ. ಅರ್ಥ ಇನ್ನೂ ಗೊತ್ತಾಗದ ಬದಲಾವಣೆ ಅಂತ ಲ್ಯಾಬಿನವರೇ ಬರೆದ ಮೇಲೆ ಅದನ್ನು ನಂಬಿ ಯಾರೂ ಕತ್ತರಿ ಹಾಕಿಸಿಕೊಳ್ಳಬಾರದು.

ನೆಗೆಟಿವ್ ಅಂದ ಕೂಡಲೇ ಎಲ್ಲರೂ ಕೈ ತೊಳೆದುಕೊಂಡರು. ನನಗೆ ನಂಬಿಕೆ ಬರಲಿಲ್ಲ. ಒಂದೇ ಬಳ್ಳಿಯಲ್ಲಿ ನಾಲ್ಕು ಜನ, ಎಲ್ಲ ಚಿಕ್ಕ ವಯಸ್ಸಿನವರು. ರಿಪೋರ್ಟಿನ ಕೊನೆಯ ಪುಟ ಯಾರೂ ಓದಿರುವುದಿಲ್ಲ, ಸಣ್ಣ ಅಕ್ಷರ. ನಾನು ಓದಿದೆ. ದೊಡ್ಡ ತುಂಡುಗಳು ಅಳಿದುಹೋಗಿದ್ದರೆ ಈ ವಿಧಾನದಲ್ಲಿ ಸಿಗದೇ ಇರಬಹುದು ಅಂತ ಅಲ್ಲಿ ಸ್ಪಷ್ಟವಾಗಿ ಇತ್ತು. ಸೀಕ್ವೆನ್ಸಿಂಗ್ ಅಂದರೆ ಜೀನನ್ನು ಅಕ್ಷರ ಅಕ್ಷರವಾಗಿ ಓದುವುದು; ಅದು ಅಕ್ಷರದ ತಪ್ಪು ಹಿಡಿಯುತ್ತದೆ, ಪುಟವೇ ಹರಿದುಹೋಗಿದ್ದರೆ ಕೆಲವು ಸಲ ಹಿಡಿಯುವುದಿಲ್ಲ. ಅದಕ್ಕೆ ಎಂಎಲ್‌ಪಿಎ ಅಂತ ಬೇರೆ ಪರೀಕ್ಷೆ ಇದೆ. ಮಾಡಿಸೋಣ ಅಂದರೆ ಡಾಕ್ಟರು ಅದೆಲ್ಲ ಬೇಡ ಅಂದರು. ನಾನೇ ಬೆಂಗಳೂರಿನಲ್ಲಿ ಕೌನ್ಸೆಲರ್ ಹುಡುಕಿಕೊಂಡು ಹೋದೆ. ಅವರು ಹಾಳೆ ನೋಡಿದ ಕೂಡಲೇ ಬರೆದುಕೊಟ್ಟರು. ಏಳೆಂಟು ಸಾವಿರ. ಬಂತು: ಬಿಆರ್‌ಸಿಎ1, ಅದರ ಒಂದು ಎಕ್ಸಾನೇ, ಅಂದರೆ ಜೀನಿನ ಒಂದು ತುಂಡೇ, ನಾಪತ್ತೆ.

ಏನು ಹುಡುಕಬೇಕು ಅಂತ ಗೊತ್ತಾದ ಮೇಲೆ ಉಳಿದವರದ್ದು ಸುಲಭ, ತಲೆಗೆ ನಾಲ್ಕೈದು ಸಾವಿರ ಅಷ್ಟೇ. ನನಗೆ ಪಾಸಿಟಿವ್. ತಂಗಿಗೆ ನೆಗೆಟಿವ್. ಈ ನೆಗೆಟಿವ್‌ಗೆ ಬೆಲೆ ಇದೆ. ಅವಳ ಅಪಾಯ ಊರಲ್ಲಿ ಎಲ್ಲರಿಗೂ ಇರುವಷ್ಟೇ, ಅವಳ ಮಕ್ಕಳಿಗೆ ಇದು ನಮ್ಮ ಕಡೆಯಿಂದ ಹೋಗುವುದಿಲ್ಲ. ಫೋನಿನಲ್ಲಿ ಹೇಳಿದಾಗ ಅವಳು ಅತ್ತಳು, ನಾನೂ ಅತ್ತೆ.

ಅಣ್ಣನ ವಿಷಯ ಇನ್ನೂ ತೊಡಕು. ಚಿಕ್ಕ ಅತ್ತೆಯ ಮಗಳನ್ನೇ ಅಣ್ಣನಿಗೆ ತಂದಿದ್ದೇವೆ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಬಳ್ಳಿಯಿಂದ ಬಂದಿರುವ ಸಾಧ್ಯತೆ ಇತ್ತು. ಸೋದರ ಸಂಬಂಧದ ಮದುವೆ ಇರುವ ಮನೆಗಳವರು ಇದನ್ನು ಕೌನ್ಸೆಲರ್ ಹತ್ತಿರ ಹೇಳಲೇಬೇಕು. ಬಿಆರ್‌ಸಿಎ2 ದೋಷ ತಂದೆ ತಾಯಿ ಇಬ್ಬರಿಂದಲೂ ಮಗುವಿಗೆ ಬಂದರೆ ಫ್ಯಾಂಕೋನಿ ಅನೀಮಿಯಾ ಅಂತ ರಕ್ತದ ಕಾಯಿಲೆಯೇ ಬರುತ್ತದೆ. ನಮ್ಮದು ಬಿಆರ್‌ಸಿಎ1. ಅಣ್ಣನಿಗೆ ಇಲ್ಲ, ಅತ್ತಿಗೆಗೆ ಇದೆ.

ಈಗ ತೀರ್ಮಾನ. ಎಲ್ಲರೂ "ಆಪರೇಷನ್ ಬೇಕಾ ಬೇಡ್ವಾ" ಅಂತ ಒಂದೇ ಪ್ರಶ್ನೆ ಕೇಳಿಕೊಂಡು ವರ್ಷಗಟ್ಟಲೆ ಒದ್ದಾಡುತ್ತಾರೆ. ಮಂಡಿಯಲ್ಲಿ ಒಂದೊಂದು ಲಾಟಿಗೂ ಬೇರೆ ಖಾತೆ ಬರೆಯುವ ಹಾಗೆ ನಾನು ಒಂದೊಂದು ಅಂಗಕ್ಕೂ ಬೇರೆ ಹಾಳೆ ಮಾಡಿದೆ. ಪ್ರತಿ ಹಾಳೆಯಲ್ಲೂ ನಾಲ್ಕೇ ಸಾಲು. ಮುಂದಿನ ಹತ್ತು ವರ್ಷದಲ್ಲಿ ಅಪಾಯ ಎಷ್ಟು? ತಪಾಸಣೆಯಲ್ಲಿ ಬೇಗ ಸಿಗುತ್ತದಾ? ತೆಗೆಸಿದರೆ ಕಳೆದುಕೊಳ್ಳುವುದು ಏನು? ಐದು ವರ್ಷ ಕಾದರೆ ಆಗುವ ನಷ್ಟ ಎಷ್ಟು?

ಬಿಆರ್‌ಸಿಎ1 ಇದ್ದವರಿಗೆ 80ರ ಹೊತ್ತಿಗೆ ಸ್ತನ ಕ್ಯಾನ್ಸರ್ ನೂರಕ್ಕೆ ಸುಮಾರು 72, ಅಂಡಾಶಯದ್ದು 44. ಈ ಎರಡು ಸಂಖ್ಯೆ ಕೇಳಿದರೆ ಯಾರಾದರೂ ಸ್ತನವನ್ನೇ ಮೊದಲು ತೆಗೆಸುತ್ತಾರೆ. ಹಾಲಿವುಡ್ ನಟಿ ಆಂಜಲೀನಾ ಜೋಲಿ ಮಾಡಿದ್ದೂ ಹಾಗೇ, 2013ರಲ್ಲಿ ಸ್ತನ, 2015ರಲ್ಲಿ ಅಂಡಾಶಯ. ನನ್ನ ಎರಡನೇ ಸಾಲು ಲೆಕ್ಕವನ್ನು ತಿರುಗಿಸಿತು. ಸ್ತನಕ್ಕೆ ಎಂಆರ್‌ಐ ಇದೆ, ಸಣ್ಣದಿರುವಾಗಲೇ ಹಿಡಿಯುತ್ತದೆ. ಅಂಡಾಶಯಕ್ಕೆ ಅಂಥದ್ದು ಇಲ್ಲ. ಊರಲ್ಲಿ ನನಗೆ ವರ್ಷ ವರ್ಷ ಸ್ಕ್ಯಾನಿಂಗ್, ಸಿಎ-125 ಅನ್ನುವ ರಕ್ತ ಪರೀಕ್ಷೆ ಮಾಡಿಸಿ "ನಾರ್ಮಲ್" ಅಂತ ಕಳಿಸುತ್ತಿದ್ದರು. ಬ್ರಿಟನ್ನಿನಲ್ಲಿ ಎರಡು ಲಕ್ಷ ಸಾಮಾನ್ಯ ಹೆಂಗಸರನ್ನು ಸೇರಿಸಿ, ಅರ್ಧ ಜನಕ್ಕೆ ಇವೇ ಪರೀಕ್ಷೆ ಮಾಡಿ, ಉಳಿದರ್ಧಕ್ಕೆ ಮಾಡದೆ ಹದಿನಾರು ವರ್ಷ ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಸಾವು ಕಡಿಮೆ ಆಗಲಿಲ್ಲ. ನಾನು ಸಮಾಧಾನಕ್ಕೆ ಅಂತ ಖರ್ಚು ಮಾಡಿದ್ದ ದುಡ್ಡು ಅದು.

ವಯಸ್ಸಿನ ಲೆಕ್ಕವೂ ಹಾಗೇ ಹೇಳಿತು. ಅಂಡಾಶಯದ್ದು 40ರ ಹೊತ್ತಿಗೆ ನೂರಕ್ಕೆ 2, 50ಕ್ಕೆ 8, 60ಕ್ಕೆ 20, ಹೆಚ್ಚು ಕಮ್ಮಿ ಹೀಗೆ ಏರುತ್ತದೆ. ಅಂಡಾಶಯ ತೆಗೆಸುವ ವಯಸ್ಸು ಬಿಆರ್‌ಸಿಎ1ಕ್ಕೆ 35ರಿಂದ 40, ಬಿಆರ್‌ಸಿಎ2ಕ್ಕೆ 40ರಿಂದ 45 ಅಂತ ಡಾಕ್ಟರುಗಳು ಹೇಳುವುದು ಇಂಥ ಏರಿಕೆ ನೋಡಿ. ನನಗೆ ಮಕ್ಕಳು ಸಾಕಾಗಿತ್ತು. ಇನ್ನು ಐದು ವರ್ಷ ಕಾಯುವುದರಿಂದ ಸಿಗುವ ಲಾಭ ನಾಲ್ಕನೇ ಸಾಲಿನಲ್ಲಿ ಏನೂ ಉಳಿಯಲಿಲ್ಲ.

ಇಲ್ಲೊಂದು ಮಾತು. ನಮ್ಮ ಕಡೆ ಗರ್ಭಕೋಶ ತೆಗೆಸು ಅನ್ನುವುದು ಸಲೀಸು. ನನಗೂ ಒಬ್ಬರು "ಗರ್ಭಕೋಶ ತೆಗೆದುಬಿಡೋಣ, ಎಲ್ಲ ಸರಿಹೋಗುತ್ತೆ" ಅಂದರು. ಅಂಡಾಶಯ, ಅಂಡನಾಳ ಒಳಗೇ ಬಿಟ್ಟು ಗರ್ಭಕೋಶ ತೆಗೆಸಿದರೆ ನಮ್ಮಂಥವರಿಗೆ ರಕ್ಷಣೆ ಸಿಗುವುದಿಲ್ಲ. ಈ ಕ್ಯಾನ್ಸರ್ ಬಹಳ ಸಲ ಶುರುವಾಗುವುದೇ ಅಂಡನಾಳದ ಜಾಲರಿಯಂಥ ತುದಿಯಲ್ಲಿ. ನಾನು ಗರ್ಭಕೋಶ ಉಳಿಸಿಕೊಂಡೆ.

ಆಪರೇಷನ್ ಕೀಹೋಲ್, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವಂಥದ್ದು. ಮಾರನೇ ದಿನ ಮನೆಗೆ. ಖರ್ಚು ಎಲ್ಲ ಸೇರಿ ಒಂದೂ ಮುಕ್ಕಾಲು ಲಕ್ಷದ ಹತ್ತಿರ. ಇದಕ್ಕಿಂತ ಮುಖ್ಯವಾದದ್ದು ತೆಗೆದ ಭಾಗ ಲ್ಯಾಬಿಗೆ ಹೋಗುವಾಗ ಜೊತೆಗಿರುವ ಚೀಟಿ. ಸಾಮಾನ್ಯವಾಗಿ ಅಂಡನಾಳದ ಒಂದೆರಡು ತುಂಡು ನೋಡಿ ಬಿಟ್ಟುಬಿಡುತ್ತಾರೆ. "ಬಿಆರ್‌ಸಿಎ1 ಇದೆ, ಸೀ-ಫಿಮ್ ವಿಧಾನ" ಅಂತ ಬರೆದಿದ್ದರೆ ಇಡೀ ನಾಳವನ್ನು ಎರಡು ಮೂರು ಮಿಲಿಮೀಟರಿಗೆ ಒಂದರಂತೆ ಕೊಯ್ದು, ತುದಿಯನ್ನು ಉದ್ದಕ್ಕೆ ಸೀಳಿ, ಎಲ್ಲವನ್ನೂ ನೋಡುತ್ತಾರೆ. ಹೊಟ್ಟೆ ತೊಳೆದ ನೀರನ್ನೂ ಪರೀಕ್ಷೆಗೆ ಕಳಿಸಬೇಕು. ಹಿಂದಿನ ದಿನ ಸರ್ಜನ್ ಮೇಡಂ ಹತ್ತಿರ ಕೂತು ಆ ಚೀಟಿ ಬರೆಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, "ಒಳ್ಳೇದಾಯ್ತು ಕೇಳಿದ್ದು" ಅಂದರು. ರಿಪೋರ್ಟ್ ಹೋದ ತಿಂಗಳು ಬಂತು. ಎಲ್ಲೂ ಏನೂ ಇಲ್ಲ. ಹೊಟ್ಟೆಯ ಒಳಪೊರೆಯಲ್ಲಿ ಕ್ಯಾನ್ಸರ್ ಬರುವ ಸಣ್ಣ ಅಪಾಯ ಉಳಿದೇ ಇರುತ್ತದೆ, ಅದು ಗೊತ್ತಿದ್ದೇ ಒಪ್ಪಿಕೊಂಡಿದ್ದೇನೆ.

ಕಳೆದುಕೊಂಡದ್ದೂ ಇದೆ. ಮುಟ್ಟು ರಾತ್ರೋರಾತ್ರಿ ನಿಂತಿತು. ಮಂಡಿಯಲ್ಲಿ ಕೂತಲ್ಲೇ ಕತ್ತಿನಿಂದ ಮೇಲಕ್ಕೆ ಬೆಂಕಿ ಹತ್ತಿದ ಹಾಗೆ ಸೆಕೆ, ರಾತ್ರಿ ದಿಂಬು ಒದ್ದೆ. ಅಗಸೆ ಬೀಜದ ಚಟ್ನಿಪುಡಿ ತಿಂದು ನೋಡಿದೆ, ಸೋಯಾ ತಿಂದು ನೋಡಿದೆ, ಕಾಫಿ ಬಿಟ್ಟು ನೋಡಿದೆ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಸಂಜೆಯ ಕಾಫಿ ಬಿಟ್ಟಿದ್ದರಿಂದ ನಿದ್ದೆ ಸ್ವಲ್ಪ ಸುಧಾರಿಸಿತು, ಉಳಿದದ್ದರಿಂದ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಈಸ್ಟ್ರೋಜನ್ ಜೆಲ್. ಗರ್ಭಕೋಶ ಇರುವುದರಿಂದ ಜೊತೆಗೆ ಪ್ರೊಜೆಸ್ಟರಾನ್ ಮಾತ್ರೆಯೂ ಬೇಕು. ಎರಡಕ್ಕೂ ತಿಂಗಳಿಗೆ ಸಾವಿರ ರೂಪಾಯಿ ಚಿಲ್ಲರೆ. ಸ್ತನ ಕ್ಯಾನ್ಸರ್ ಬಂದಿಲ್ಲದವರಿಗೆ ಐವತ್ತರ ಸುಮಾರಿನವರೆಗೆ ಕೊಡುತ್ತಾರೆ. ಬಂದವರ ಲೆಕ್ಕ ಬೇರೆ, ಅವರು ತಮ್ಮ ಡಾಕ್ಟರನ್ನೇ ಕೇಳಬೇಕು. ಮೂಳೆಗೆ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದೇನೆ, ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಜೋರು ನಡಿಗೆ.

ಸ್ತನದ ಹಾಳೆ ತೆರೆದೇ ಇದೆ. ವರ್ಷಕ್ಕೊಂದು ಎಂಆರ್‌ಐ, ಆರು ತಿಂಗಳ ಅಂತರದಲ್ಲಿ ಮ್ಯಾಮೋಗ್ರಾಂ, ಎರಡೂ ಸೇರಿ 13 ಸಾವಿರದ ಆಸುಪಾಸು, ಬೆಂಗಳೂರಿಗೆ ಹೋಗಿಬರುವ ರೈಲು ಚಾರ್ಜು ಬೇರೆ. ಮೊದಲ ಎಂಆರ್‌ಐನಲ್ಲೇ ಒಂದು ಚುಕ್ಕೆ ಕಂಡು ಬಯಾಪ್ಸಿ ಆಯಿತು. ಏನೂ ಅಲ್ಲದ ಗಂಟು. ಆ ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮುಟ್ಟು ಆಗುವವರು ಎಂಆರ್‌ಐಯನ್ನು ಮುಟ್ಟಿನ ಏಳರಿಂದ ಹದಿನಾಲ್ಕನೇ ದಿನದೊಳಗೆ ಇಟ್ಟುಕೊಳ್ಳಿ, ಇಂಥ ಸುಳ್ಳು ಗಾಬರಿ ಕಮ್ಮಿ ಆಗುತ್ತದೆ. ಸ್ತನ ತೆಗೆಸಿದರೆ ಅಪಾಯ ನೂರಕ್ಕೆ 90ಕ್ಕೂ ಜಾಸ್ತಿ ಇಳಿಯುತ್ತದೆ, ಅದು ದೊಡ್ಡ ವಿಷಯವೇ. ಅಂಡಾಶಯ ತೆಗೆಸಿದರೆ ಸ್ತನದ ಅಪಾಯವೂ ಅರ್ಧ ಆಗುತ್ತದೆ ಅಂತ ಮೊದಲು ಹೇಳುತ್ತಿದ್ದರು, ಈಚಿನ ಅಧ್ಯಯನಗಳು ಅದನ್ನು ಅಷ್ಟು ಒಪ್ಪುವುದಿಲ್ಲ. ಆದ್ದರಿಂದ ಆ ಲಾಭವನ್ನು ನಾನು ಲೆಕ್ಕಕ್ಕೆ ಹಿಡಿದೇ ಇಲ್ಲ. ತಪಾಸಣೆಯ ಆತಂಕ ನಾನು ತಡೆಯಬಲ್ಲೆ, ಅಷ್ಟು ದೊಡ್ಡ ಆಪರೇಷನ್ ಸದ್ಯಕ್ಕೆ ಬೇಡ.

ವಿಮೆಯವರು ಮೊದಲು ಕೈಯೆತ್ತಿದರು. ರೋಗವೇ ಇಲ್ಲದೆ ಮಾಡಿಸಿದ ಆಪರೇಷನ್ ಅಂತ ಕಾರಣ ಬರೆದರು. ನಾನು ಬಿಡಲಿಲ್ಲ. ಕಂಪನಿಯ ದೂರು ವಿಭಾಗಕ್ಕೆ ಬರೆದೆ, ಆಮೇಲೆ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಒಂಬುಡ್ಸ್‌ಮನ್) ದೂರು ಹಾಕುತ್ತೇನೆ ಅಂದೆ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ. ಜೀನ್ ರಿಪೋರ್ಟ್, ವಂಶವೃಕ್ಷ, ಸರ್ಜನ್ ಪತ್ರ ಮೂರನ್ನೂ ಲಗತ್ತಿಸಿದೆ. ಕೊನೆಗೆ 90 ಸಾವಿರದ ಹತ್ತಿರ ಬಂತು. ಸರ್ಜನ್ ಪತ್ರದ ಒಕ್ಕಣೆಯಲ್ಲೇ ಇದೆ ಗುಟ್ಟು. ಅದನ್ನು ಇಲ್ಲಿ ಹಾಕುವುದಿಲ್ಲ, ಎಲ್ಲರೂ ಅದೇ ವಾಕ್ಯ ಬರೆದರೆ ನಾಳೆ ಅದಕ್ಕೂ ಬೆಲೆ ಇರುವುದಿಲ್ಲ.

ಅತ್ತಿಗೆಗೆ ಈಗ 37. ಅದೇ ಮ್ಯುಟೇಷನ್, ಅದೇ ನಾಲ್ಕು ಸಾಲು, ಅವರಿಗೆ ಬಂದ ಉತ್ತರ ಬೇರೆ. ಅವರಮ್ಮ ಕೀಮೋದಲ್ಲಿ ಪಟ್ಟ ಪಾಡು ಪಕ್ಕದಲ್ಲೇ ಕೂತು ನೋಡಿದವರು, ವರ್ಷ ವರ್ಷ ಎಂಆರ್‌ಐಗೆ ಕಾಯುವ ಶಕ್ತಿ ನನಗಿಲ್ಲ ಅಂದರು. ಅವರು ಎರಡನ್ನೂ ತೆಗೆಸುತ್ತಾರೆ, ಅಂಡಾಶಯ ಮೊದಲು, ಸ್ತನ ಮುಂದಿನ ವರ್ಷ. ಚಿಕ್ಕಪ್ಪ ಈ ಸಲ ಏನೂ ಕೇಳಲಿಲ್ಲ. ತಮ್ಮ ಹೆಣ್ಣುಮಕ್ಕಳಿಗೆ ಯಾವ ಪರೀಕ್ಷೆ, ಮೊದಲು ಯಾರದ್ದು ಮಾಡಿಸಬೇಕು ಅಂತ ನನ್ನನ್ನೇ ಕೇಳಿದರು. ಮೊದಲು ನಿಮ್ಮದೇ ರಕ್ತ ಕೊಡಿ ಅಂದಿದ್ದೇನೆ. ನಿಮಗೆ ಇಲ್ಲದಿದ್ದರೆ ಮಕ್ಕಳಿಗೂ ಇಲ್ಲ, ನಾಲ್ಕೈದು ಸಾವಿರದಲ್ಲಿ ಮೂರು ಜನರದ್ದು ಮುಗಿಯುತ್ತದೆ. ಮುಂದಿನ ವಾರ ಬೆಂಗಳೂರಿಗೆ ಹೊರಡುತ್ತಿದ್ದಾರೆ.