ಪಿಕಪ್‌ನ ಡೀಸೆಲ್ ಟ್ಯಾಂಕ್ ಸೋರುತ್ತಿದೆಯಾ? ಮೊದಲು ತೂತು ಹುಡುಕಿ

ಗಾಡಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಡೀಸೆಲ್ ಕಲೆ ಕಂಡರೆ ಹೆಚ್ಚಿನವರು ನೇರವಾಗಿ ಅಂಗಡಿಗೆ ಹೋಗಿ ಎಂ-ಸೀಲ್ ತರುತ್ತಾರೆ. ಎಲ್ಲಿ ಒದ್ದೆ ಇದೆಯೋ ಅಲ್ಲಿ ಮೆತ್ತುತ್ತಾರೆ. ಸ್ವಲ್ಪ ದಿನದಲ್ಲೇ ಮತ್ತೆ ಅದೇ ಕಲೆ. ಹನಿ ಬೀಳುವ ಕಡೆಯೇ ತೂತು ಇರಬೇಕೆಂದಿಲ್ಲ. ಡೀಸೆಲ್ ಪೆಟ್ರೋಲಿನಂತೆ ಬೇಗ ಆರುವುದಿಲ್ಲ. ಮೇಲೆಲ್ಲೋ ಜಿನುಗಿ, ಟ್ಯಾಂಕಿನ ಮೈಗುಂಟ ಇಳಿದು, ತಳದ ಅಂಚಿನಲ್ಲಿ ತೊಟ್ಟಿಕ್ಕುತ್ತದೆ.

ಯಾವಾಗ ಸೋರುತ್ತದೆ?

ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ ಸೋರಿ ಆಮೇಲೆ ತಾನಾಗಿ ನಿಂತರೆ ತೊಂದರೆ ಮೇಲ್ಭಾಗದಲ್ಲಿದೆ. ಡೀಸೆಲ್ ಹಾಕುವ ಬಾಯಿಯ ರಬ್ಬರ್ ಹೋಸ್ ಸೀಳಿರಬಹುದು, ಇಲ್ಲವೇ ಮೀಟರಿನ ಫ್ಲೋಟ್ ಕೂರಿಸುವ ಕಡೆಯ ಗ್ಯಾಸ್ಕೆಟ್ ಹೋಗಿರಬಹುದು. ಎಂಜಿನ್ ಓಡುವಾಗ ಮಾತ್ರ ಸೋರಿದರೆ ರಿಟರ್ನ್ ಪೈಪ್, ಅಂದರೆ ಎಂಜಿನ್ ಬಳಸದೆ ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ಪೈಪ್ ನೋಡಿ. ಇವೆಲ್ಲ ಸಣ್ಣ ಖರ್ಚಿನ ಕೆಲಸ. ಡೀಸೆಲ್ ಎಷ್ಟೇ ಇರಲಿ, ಹಗಲು ರಾತ್ರಿ ಹನಿಯುತ್ತಿದ್ದರೆ ತಳದ ಡ್ರೈನ್ ಬೋಲ್ಟಿನ ವಾಷರ್ ಅಥವಾ ತಗಡೇ ಹೋಗಿದೆ.

ಜಾಗ ಖಚಿತ ಮಾಡಿಕೊಳ್ಳಲು ಟ್ಯಾಂಕನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಮೇಲೆ ಟಾಲ್ಕಮ್ ಪೌಡರ್ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಬಿಳಿ ಪುಡಿಯ ಮೇಲೆ ಒಂದು ಕಪ್ಪು ಗೆರೆ ಮೂಡುತ್ತದೆ. ಆ ಗೆರೆಯ ಮೇಲಿನ ತುದಿಯೇ ನೀವು ಹುಡುಕುತ್ತಿರುವ ಜಾಗ.

ಟಾಟಾ 207ರಂಥ ಹಳೆ ಗಾಡಿಗಳಲ್ಲಿ ಟ್ಯಾಂಕನ್ನು ಕಬ್ಬಿಣದ ಪಟ್ಟಿಯಿಂದ ಚಾಸಿಗೆ ಬಿಗಿದಿರುತ್ತಾರೆ. ಪಟ್ಟಿಯ ಕೆಳಗೆ ಕೆಸರು ಕೂತು, ನೀರು ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕರಾವಳಿಯಲ್ಲಿ ಮೀನು ಸಾಗಿಸುವ ಗಾಡಿಗಳಲ್ಲಿ ಉಪ್ಪುನೀರು ಸೇರಿ ಇದು ಇನ್ನೂ ಬೇಗ ಆಗುತ್ತದೆ. ಹಾಗಾಗಿ ಪಟ್ಟಿ ಬಿಚ್ಚದೆ ತೀರ್ಮಾನಕ್ಕೆ ಬರಬೇಡಿ.

ಟ್ಯಾಂಕ್ ಇಳಿಸುವುದು

ಬಯಲಿನಲ್ಲಿ ಮಾಡಿ. ಬೀಡಿ, ಸಿಗರೇಟು, ಬಿಸಿಯಾಗುವ ಬಲ್ಬು ಹತ್ತಿರ ಬೇಡ. ಚಕ್ರಕ್ಕೆ ಕಲ್ಲು ಕೊಟ್ಟು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಡೀಸೆಲನ್ನು ಮುಚ್ಚಳವಿರುವ ಕ್ಯಾನಿಗೆ ಇಳಿಸಿ. ಪೈಪುಗಳಿಗೆ ಗುರುತು ಹಾಕಿಕೊಳ್ಳಿ. ಸಪ್ಲೈ, ರಿಟರ್ನ್ ಅದಲುಬದಲಾದರೆ ಗಾಡಿ ಸರಿಯಾಗಿ ಸ್ಟಾರ್ಟ್ ಆಗದೆ ಸುಮ್ನೆ ಪರದಾಡಬೇಕಾಗಬಹುದು.

ಇಳಿಸಿದ ಮೇಲೆ ಸೋರುವ ಜಾಗದ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ರಿಪೇರಿ ಮಾಡಬಹುದು. ತಗಡು ಒಳಗೆ ಕುಸಿದರೆ ಟ್ಯಾಂಕ್ ಬದಲಿಸಿ. ಡೀಸೆಲಿನಲ್ಲಿ ಸೇರಿದ ನೀರು ತಳಕ್ಕೆ ಇಳಿದು ಒಳಗಿನಿಂದಲೂ ತುಕ್ಕು ಹಿಡಿಸಿರುತ್ತದೆ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಡುತ್ತದೆ. ಪ್ಲಾಸ್ಟಿಕ್ ಟ್ಯಾಂಕ್ ಒಡೆದಿದ್ದರೂ ಬದಲಿಸುವುದೇ ಸರಿ, ಅದಕ್ಕೆ ಎಪಾಕ್ಸಿ (ಎಂ-ಸೀಲ್‌ನಂಥ ಅಂಟು) ಸರಿಯಾಗಿ ಅಂಟುವುದಿಲ್ಲ.

ಸೂಜಿಮೊನೆಯಷ್ಟು ತೂತಾದರೆ ಎಪಾಕ್ಸಿ ಸಾಕು. ಆದರೆ ಬಣ್ಣ, ತುಕ್ಕು ಎರಡನ್ನೂ ಉಜ್ಜಿ ಲೋಹ ಹೊಳೆಯುವಂತೆ ಮಾಡಬೇಕು. ಥಿನ್ನರ್ ಬಟ್ಟೆಯಿಂದ ಒರೆಸಬೇಕು. ಜಾಗ ಪೂರ್ತಿ ಒಣಗಿರಬೇಕು. ಎರಡು ಉಂಡೆಗಳನ್ನು ಒಂದೇ ಬಣ್ಣ ಬರುವವರೆಗೆ ನಾದಿ, ತೂತಿನ ಸುತ್ತಲೂ ಒತ್ತಿ ಹಚ್ಚಿ, 24 ಗಂಟೆ ಬಿಡಿ. ದಾರಿಯಲ್ಲಿ ಸೋರಲು ಶುರುವಾದರೆ ಬಟ್ಟೆ ಸೋಪನ್ನು ತೂತಿಗೆ ಒತ್ತಿ ಉಜ್ಜುವ ಹಳೆ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಸೋಪು ಡೀಸೆಲಿನಲ್ಲಿ ಕರಗುವುದಿಲ್ಲ. ಆದರೆ ಅದು ಗ್ಯಾರೇಜ್ ತಲುಪುವವರೆಗೆ ಮಾತ್ರ.

ವೆಲ್ಡಿಂಗ್ ವಿಷಯದಲ್ಲಿ ಹುಷಾರು

ತೂತು ಎಪಾಕ್ಸಿಗೆ ಮೀರಿದ್ದಾದರೆ ವೆಲ್ಡಿಂಗ್ ಮಾತು ಬರುತ್ತದೆ. ಡೀಸೆಲ್ ಖಾಲಿ ಮಾಡಿದ್ದೇವಲ್ಲ, ಇನ್ನೇನು ಭಯ ಎಂದು ನೇರವಾಗಿ ವೆಲ್ಡಿಂಗ್‌ಗೆ ಇಳಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಜಾಸ್ತಿ ಅಪಾಯ. ಸಂದಿಯಲ್ಲಿ ಉಳಿದ ಡೀಸೆಲ್ ಬಿಸಿಗೆ ಆವಿಯಾಗಿ, ಒಳಗಿನ ಗಾಳಿಯ ಜೊತೆ ಸೇರುತ್ತದೆ. ಕಿಡಿ ತಗುಲಿದರೆ ಟ್ಯಾಂಕ್ ಸಿಡಿಯುತ್ತದೆ. ಹೀಗೆ ಜೀವ ಕಳೆದುಕೊಂಡವರಿದ್ದಾರೆ. ಟ್ಯಾಂಕ್ ಕೆಲಸ ಗೊತ್ತಿರುವ ರೇಡಿಯೇಟರ್ ಅಂಗಡಿಗೇ ಕೊಡಿ. ಬಿಸಿನೀರು, ಡಿಟರ್ಜೆಂಟ್ ಹಾಕಿ ಮತ್ತೆ ಮತ್ತೆ ತೊಳೆಯುತ್ತಾರಾ, ಒಳಗೆ ನೀರು ತುಂಬಿಸಿ ಬಾಯಿ ತೆರೆದಿಟ್ಟು ಬೆಸುಗೆ ಹಾಕುತ್ತಾರಾ ಎಂದು ಬಾಯಿಬಿಟ್ಟು ಕೇಳಿ. ‘ಏನಾಗಲ್ಲ ಬಿಡಿ ಸಾರ್’ ಎಂಬ ಉತ್ತರ ಬಂದರೆ ಟ್ಯಾಂಕ್ ವಾಪಸ್ ತನ್ನಿ.

ಮತ್ತೆ ಕೂರಿಸುವ ಮೊದಲು ಬಾಯಿಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಿಂದ 2 ಪಿಎಸ್‌ಐ ಆಸುಪಾಸು ಗಾಳಿ ಕೊಟ್ಟು ಸೋಪಿನ ನೊರೆ ಹಚ್ಚಿ. ಗುಳ್ಳೆ ಬರಬಾರದು. ಕಂಪ್ರೆಸರ್ ಬೇಡ, ತಗಡು ಉಬ್ಬುತ್ತದೆ. ಪಟ್ಟಿಯ ಕೆಳಗೆ ಹೊಸ ರಬ್ಬರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಡೀಸೆಲನ್ನು ಸೋಸಿ ತುಂಬಿ. ಲೈನಿನಲ್ಲಿ ಏರ್ ಹಿಡಿದಿರುತ್ತದೆ. ಡೀಸೆಲ್ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಡೀಸೆಲ್ ಲೈನಿನ ಕೈಪಂಪ್ ಒತ್ತಿ, ಸ್ಕ್ರೂ ಬಿಗಿ ಮಾಡಿ ಸ್ಟಾರ್ಟ್ ಮಾಡಿ.