ಹಳೆ ಕ್ಯಾಂಪರ್ ಗಾಡಿ: ಎಷ್ಟು ಕೊಟ್ಟರೆ ನ್ಯಾಯ?

ಒಳಗೇ ಪುಟ್ಟ ಮನೆ ಕಟ್ಟಿಸಿದ ಕ್ಯಾಂಪರ್ ಗಾಡಿ ನೋಡಲು ಹೋದವರು ಮೊದಲು ಹಾಸಿಗೆ ಮೇಲೆ ಕೂರುತ್ತಾರೆ. ನಮ್ಮ ಭಾವನೂ ಹಾಗೇ ಮಾಡಿದರು. ಪುಟ್ಟ ಸಿಂಕು, ಮಡಚುವ ಮೇಜು, ನೀಲಿ ಲೈಟು ನೋಡಿ ಕಾರವಾರದಲ್ಲಿ ನಿಂತ ಕಾಲಲ್ಲೇ ಅಡ್ವಾನ್ಸ್ ಕೊಟ್ಟು ಬಂದರು. ಜೂನ್‌ನ ಮೊದಲ ಮಳೆಗೆ ಹಾಸಿಗೆ ಒದ್ದೆಯಾಯಿತು. ದೀಪಾವಳಿ ಹೊತ್ತಿಗೆ ಬಾಗಿಲ ಕೆಳಗಿನ ತಗಡು ಬೆರಳಿಗೆ ಪುಡಿಪುಡಿಯಾಗಿ ಬಂತು.

1. ಮನೆ ಮರೆತು ಬರೀ ಗಾಡಿಯ ಬೆಲೆ ಹಿಡಿಯಿರಿ

ಅದೇ ವರ್ಷದ, ಅದೇ ಮಾಡೆಲ್‌ನ ಸಾದಾ ಟೆಂಪೋ ಟ್ರಾವೆಲರ್ ಅಥವಾ ಓಮ್ನಿ ಎಷ್ಟಕ್ಕೆ ಹೋಗುತ್ತಿದೆ ಅಂತ ನಾಲ್ಕು ಕಡೆ ವಿಚಾರಿಸಿ. ಇನ್ಶೂರೆನ್ಸ್ ಪಾಲಿಸಿಯ ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯನ್ನೂ ನೋಡಿ. ಗಾಡಿಗೆ ಎರಡು ದಾಟಿ ಮೂರು ವರ್ಷದೊಳಗಿದ್ದರೆ ಹೊಸದರ ಬೆಲೆಯಲ್ಲಿ ನೂರಕ್ಕೆ 30, ನಾಲ್ಕು ದಾಟಿ ಐದರೊಳಗಿದ್ದರೆ 50 ಕಳೆದಿರುತ್ತಾರೆ. ಐದು ವರ್ಷ ದಾಟಿದ ಮೇಲೆ ಅದು ಕಂಪನಿಯೂ ಮಾಲೀಕರೂ ಮಾತಾಡಿಕೊಂಡ ಅಂಕಿ. ಅದನ್ನು ಜಾಸ್ತಿ ನಂಬಬೇಡಿ.

2. ಆರ್‌ಸಿ ಓದಿ

ಒಳಗೆ ಮನೆ ಕಟ್ಟಿಸಿದ್ದು ಆರ್‌ಸಿಯಲ್ಲಿ ನಮೂದಾಗಿರಬೇಕು. ಇಲ್ಲದಿದ್ದರೆ ಅಪಘಾತವಾದಾಗ ಇನ್ಶೂರೆನ್ಸಿನವರು ತಗಾದೆ ತೆಗೆಯಬಹುದು. ಸಾಲ ಬಾಕಿ ಇದೆಯಾ ನೋಡಿ. ಗೋವಾ ನಂಬರಿನ ಗಾಡಿ ಅಗ್ಗ ಅಂತ ಕಾಣುತ್ತದೆ, ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿನ ತೆರಿಗೆ ಬೇರೆ ಕಟ್ಟಬೇಕು. ಅದನ್ನೂ ಸೇರಿಸಿದ ಮೇಲೆ ಅಗ್ಗವಾ ಅಂತ ನೋಡಿ.

3. ತುಕ್ಕು

ಎಲ್ಲರೂ ಎಡವುವುದು ಇಲ್ಲೇ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಮಾಡೆಲ್, ಬ್ರ್ಯಾಂಡ್ ಅಂತ ಭೇದ ಇಲ್ಲ. ಒಂದೇ ವರ್ಷದ ಎರಡು ಗಾಡಿ ಇದ್ದರೆ ನಾನು ಘಟ್ಟದ ಮೇಲೆ ಶಿರಸಿಯಲ್ಲಿ ಇದ್ದದ್ದಕ್ಕೇ ಜಾಸ್ತಿ ಕೊಡುತ್ತೇನೆ. ಆದರೆ ಕೆಎ-31 ನೋಡಿದ ಮಾತ್ರಕ್ಕೆ ಖುಷಿಪಡಬೇಡಿ. ನಂಬರ್ ಶಿರಸಿಯದ್ದು, ಗಾಡಿ ಐದು ಮಳೆಗಾಲ ಗೋಕರ್ಣದ ಬೀಚ್ ಪಕ್ಕ ನಿಂತದ್ದು ಅಂತ ಇರಬಹುದು. "ಮಳೆಗಾಲದಲ್ಲಿ ಎಲ್ಲಿ ನಿಲ್ಲಿಸ್ತಿದ್ರಿ?" ಅಂತ ಕೇಳಿಬಿಡಿ.

ಫ್ರಿಜ್‌ಗೆ ಅಂಟಿಸುವ ಆಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಳ್ಳಿ. ಬಾಗಿಲುಗಳ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಫುಟ್‌ಬೋರ್ಡ್, ಹಿಂದಿನ ಬಾಗಿಲಿನ ಮೂಲೆಗಳ ಮೇಲೆ ನಿಧಾನ ಆಡಿಸಿ. ಒಂದು ಕಡೆ ಗಟ್ಟಿ ಹಿಡಿದು, ಒಂದು ಗೇಣು ಆಚೆ ಜಾರಿ ಬಿದ್ದರೆ ಅಲ್ಲಿ ತಗಡಿನ ಬದಲು ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. (ಫೈಬರ್, ಅಲ್ಯುಮಿನಿಯಂ ಭಾಗಕ್ಕೆ ಆಯಸ್ಕಾಂತ ಹೇಗೂ ಹಿಡಿಯಲ್ಲ. ಅಲ್ಲಿ ಸುಮ್ನೆ ಜಗಳ ತೆಗೆಯಬೇಡಿ.) ಬಣ್ಣದ ಕೆಳಗೆ ಸಾಸಿವೆಯಷ್ಟು ಗುಳ್ಳೆ ಎದ್ದಿದ್ದರೆ ಒಳಗೆ ಹೆಬ್ಬೆರಳಷ್ಟು ತುಕ್ಕು ಇರುತ್ತದೆ.

ಆಮೇಲೆ ಗೋಣಿ ಹಾಸಿ ಗಾಡಿ ಕೆಳಗೆ ಮಲಗಿ. ನಾಚಿಕೆ ಬೇಡ. ಮೇಲುಮೇಲಿನ ಕೆಂಪು ತುಕ್ಕಿಗೆ ಹೆದರುವುದು ಬೇಡ, ಉಜ್ಜಿ ಬಣ್ಣ ಹೊಡೆಯಬಹುದು. ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಮೇಲೆ ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ ಎದ್ದು ಬನ್ನಿ, ಬೆಲೆ ಮಾತಾಡುವುದೇ ಬೇಡ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಮಾರುವ ಮುಂಚೆ ಹೊಟ್ಟೆಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ ಗಾಡಿ ನನಗಂತೂ ಬೇಡ. ತುಕ್ಕಿನ ಮೇಲೇ ಬಳಿದರೆ ಅದು ಒಳಗೊಳಗೇ ತಿನ್ನುತ್ತದೆ.

4. ನೀರು ಬಿಡಿ

ಪೈಪಿನಲ್ಲಿ ಮಾಡಿನ ಮೇಲೆ ಹತ್ತು ನಿಮಿಷ ನೀರು ಬಿಟ್ಟು ಒಳಗೆ ಕೂತುಕೊಳ್ಳಿ. ಎಸಿ ಕೂರಿಸಿದ ತೂತು, ಆಮೇಲೆ ಕತ್ತರಿಸಿ ಹಾಕಿದ ಕಿಟಕಿ, ಸೋರುವುದು ಅಲ್ಲೇ. ಹಾಸಿಗೆ ಎತ್ತಿ ಕೆಳಗಿನ ಪ್ಲೈವುಡ್ ಹೆಬ್ಬೆರಳಲ್ಲಿ ಒತ್ತಿ. ಊದಿನಕಡ್ಡಿ ಘಮಘಮ ಅಂದರೆ ನನಗೆ ಅನುಮಾನ, ಮುಗ್ಗಲು ವಾಸನೆ ಮುಚ್ಚಲು ಅದೇ ಸುಲಭದ ದಾರಿ ಅಲ್ವಾ?

5. ಘಟ್ಟ ಹತ್ತಿಸಿ

ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿಸಿ. ಆಮೇಲೆ ಘಟ್ಟ ಹತ್ತಿಸಿ ನೋಡಿ: ಕುಮಟಾ ಕಡೆಯವರಾದರೆ ದೇವಿಮನೆ ಘಟ್ಟ, ಅಂಕೋಲಾ ಕಡೆಯವರಾದರೆ ಅರಬೈಲ್ ಘಟ್ಟ. ಟೈರು ಎಷ್ಟು ಹಳೆಯದು ಅಂತಲೂ ನೋಡಿ, ಅದರ ಮೇಲೆ ನಾಲ್ಕಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದ ಟೈರು.

6. ಲೆಕ್ಕ

ಬರೀ ಗಾಡಿ 6 ಲಕ್ಷ ಅನ್ನಿ (ಅಂಕಿ ಉದಾಹರಣೆಗೆ ಮಾತ್ರ). ಮನೆ ಕಟ್ಟಿಸಿದ ಬಿಲ್ 3 ಲಕ್ಷ ಅಂತ ತೋರಿಸುತ್ತಾರೆ. ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ಕೂಡಿಸಿ. ಅವರ ಇಷ್ಟದ ಮೇಜಿಗೆ ನೀವ್ಯಾಕೆ ಪೂರ್ತಿ ದುಡ್ಡು ಕೊಡಬೇಕು? ಈಗ 7 ಲಕ್ಷ. ಟಿಂಕರಿಂಗ್‌ಗೆ 60,000, ಟೈರು ಮತ್ತು ಒಳಗಿನ ಬ್ಯಾಟರಿಗೆ 50,000 ಕಳೆದರೆ 5.90 ಲಕ್ಷ. ಬಾಯಿಬಿಡುವುದು ಐದೂವರೆಯಿಂದ.

"ಗೋವಾದವರು ಜಾಸ್ತಿ ಕೊಡ್ತಾರೆ" ಅಂತ ಮಾರುವವರು ಅನ್ನುತ್ತಾರೆ. ಕೊಡಲಿ ಬಿಡಿ. ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ. ಮೇ ಕೊನೆ ವಾರ ಮತ್ತೆ ಫೋನ್ ಮಾಡಿ, ಇನ್ನೊಂದು ಮಳೆಗಾಲ ಆ ಗಾಡಿಗೆ ಟಾರ್ಪಾಲು ಹೊದಿಸಿ ಕಾಯುವ ಮನಸ್ಸು ಅವರಿಗೂ ಇರುವುದಿಲ್ಲ.