ವಿಮಾನದ ಪ್ರೊಪೆಲ್ಲರ್: ಬಗೆ ಗುರುತಿಸುವುದು, ನಡೆಸುವುದು, ಪರೀಕ್ಷಿಸುವುದು

ಪ್ರೊಪೆಲ್ಲರಿನ ಅಲಗನ್ನು ಅಡ್ಡಲಾಗಿ ಕೊಯ್ದರೆ ಕಾಣುವುದು ರೆಕ್ಕೆಯದೇ ಆಕಾರ: ಮುಂಬದಿ ಉಬ್ಬು, ಹಿಂಬದಿ ಹೆಚ್ಚುಕಡಿಮೆ ಚಪ್ಪಟೆ. ರೆಕ್ಕೆ ಮೇಲಕ್ಕೆತ್ತುವಂತೆ ಇದು ವಿಮಾನವನ್ನು ಮುಂದಕ್ಕೆ ಎಳೆಯುತ್ತದೆ. ಎದುರು ಬರುವ ಗಾಳಿಗೆ ಅಲಗು 2ರಿಂದ 4 ಡಿಗ್ರಿ ಓರೆಯಾಗಿದ್ದಾಗ ಕೆಲಸ ಚೆನ್ನ. ಆದರೆ ವಿಮಾನದ ವೇಗ ಏರಿದಂತೆ ಈ ಕೋನ ತಾನಾಗಿಯೇ ಕಿರಿದಾಗುತ್ತದೆ. ಪ್ರೊಪೆಲ್ಲರಿನಲ್ಲಿ ಇಷ್ಟು ಬಗೆಗಳು ಹುಟ್ಟಿದ್ದು ಮುಖ್ಯವಾಗಿ ಈ ತೊಡಕಿನಿಂದ.

ಬುಡಕ್ಕಿಂತ ತುದಿ ಬಹಳ ವೇಗವಾಗಿ ಸುತ್ತುವುದರಿಂದ ಅಲಗನ್ನು ತಿರುಚಿರುತ್ತಾರೆ. ಬುಡದಲ್ಲಿ ಕೋನ ದೊಡ್ಡದು, ತುದಿಯಲ್ಲಿ ಸಣ್ಣದು. ತುದಿಯ ವೇಗ ಬೇಕಿದ್ದರೆ ವ್ಯಾಸವನ್ನು 3.14ರಿಂದ ಗುಣಿಸಿ, ನಿಮಿಷದ ಸುತ್ತುಗಳಿಂದ ಗುಣಿಸಿ, 60ರಿಂದ ಭಾಗಿಸಿ. ವ್ಯಾಸ 1.93 ಮೀಟರ್, ಸುತ್ತು 2,700 ಆದರೆ ಸೆಕೆಂಡಿಗೆ ಸುಮಾರು 273 ಮೀಟರ್. ಶಬ್ದದ ವೇಗ ಸಮುದ್ರಮಟ್ಟದಲ್ಲಿ ಸುಮಾರು 340. ತೀರ ಅದರ ಹತ್ತಿರ ಹೋದರೆ ಗದ್ದಲ ಹೆಚ್ಚಿ ಎಳೆತ ಕುಗ್ಗುತ್ತದೆ. ಎಂಜಿನ್ ದೊಡ್ಡದಾದಾಗ ವ್ಯಾಸ ಹಿಗ್ಗಿಸದೆ ಅಲಗುಗಳನ್ನೇ ಹೆಚ್ಚಿಸುವುದು ಇದಕ್ಕೇ.

ಅಲಗನ್ನು ಕೂರಿಸಿದ ಕೋನ, ಅಂದರೆ ಪಿಚ್, ಬದಲಾಗದ್ದು ಸ್ಥಿರ ಪಿಚ್ ಪ್ರೊಪೆಲ್ಲರ್. ಅದರ ಅಳತೆ 75×53 ಎಂದಿದ್ದರೆ ವ್ಯಾಸ 75 ಇಂಚು. ಜಾರದೆ ತಿರುಪಿನಂತೆ ಸಾಗಿದರೆ ಒಂದು ಸುತ್ತಿಗೆ 53 ಇಂಚು ಮುಂದೆ ಹೋಗಬೇಕು; ಪಿಚ್ ಅಳೆಯುವುದು ಈ ದೂರದಲ್ಲಿ. ಗಾಳಿಯಲ್ಲಿ ಜಾರುವುದರಿಂದ ನಿಜಕ್ಕೂ ಸಾಗುವುದು ಕಡಿಮೆ. ಪಿಚ್ ಸಣ್ಣದಾದರೆ ಏರಿಕೆ ಚುರುಕು, ದೊಡ್ಡದಾದರೆ ದೂರ ಹಾರಾಟಕ್ಕೆ ಹಿತ. ಎರಡೂ ಒಟ್ಟಿಗೆ ಸಿಗವು. ಮೂತಿ ತಗ್ಗಿಸಿ ಇಳಿಯುವಾಗ ಸುತ್ತು ತಾನೇ ಏರುತ್ತದೆ, ಥ್ರಾಟಲ್ (ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿ) ಹಿಂದೆಳೆಯಿರಿ. ನೆಲದ ಮೇಲೆ ಬೋಲ್ಟ್ ಸಡಿಲಿಸಿ ಕೋನ ಕೂರಿಸುವ ಬಗೆಯೂ ಇದೆ. ಅದರಲ್ಲಿ ಅಲಗುಗಳ ಕೋನ ಒಂದೇ ಇರದಿದ್ದರೆ ನಡುಕ ಖಂಡಿತ.

ಸ್ಥಿರ ವೇಗದ ಪ್ರೊಪೆಲ್ಲರಿನಲ್ಲಿ ಸುತ್ತನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಗವರ್ನರ್ ಎಂಬ ಸಾಧನ ಇರುತ್ತದೆ. ಸುತ್ತು ಹೆಚ್ಚಿದರೆ ಅದರ ತೂಕದ ಗುಂಡುಗಳು ಹೊರಕ್ಕೆ ಚಾಚಿ ಕವಾಟವನ್ನು ಎತ್ತುತ್ತವೆ, ಹಬ್‌ನ (ಅಲಗುಗಳು ಕೂಡುವ ನಡುಭಾಗದ) ಎಣ್ಣೆಯ ಒತ್ತಡ ಬದಲಾಗಿ ಪಿಚ್ ಹೆಚ್ಚುತ್ತದೆ, ಭಾರಕ್ಕೆ ಎಂಜಿನ್ ನಿಧಾನಿಸುತ್ತದೆ. ಸುತ್ತು ಇಳಿದರೆ ಇದೇ ತಿರುವುಮುರುವು. ನಡೆಸುವಾಗ ಕ್ರಮ ತಪ್ಪಬಾರದು: ಶಕ್ತಿ ಹೆಚ್ಚಿಸಲು ಮೊದಲು ಪ್ರೊಪೆಲ್ಲರಿನ ಸುತ್ತು ಹೊಂದಿಸುವ ನೀಲಿ ಹಿಡಿ, ಆಮೇಲೆ ಥ್ರಾಟಲ್. ತಗ್ಗಿಸಲು ಮೊದಲು ಥ್ರಾಟಲ್, ಆಮೇಲೆ ನೀಲಿ ಹಿಡಿ. ಅದಲುಬದಲಾದರೆ ಕಡಿಮೆ ಸುತ್ತಿನಲ್ಲಿ ಸಿಲಿಂಡರಿನೊಳಗೆ ಒತ್ತಡ ವಿಪರೀತವಾಗುತ್ತದೆ. ಹಾರುವ ಮುನ್ನ, ಕೈಪಿಡಿ ಹೇಳಿದ ಸುತ್ತಿನಲ್ಲಿ ಹಿಡಿಯನ್ನು ಎರಡು ಮೂರು ಬಾರಿ ಹಿಂದೆಮುಂದೆ ಮಾಡಿ. ಹಬ್‌ನ ತಣ್ಣನೆಯ ಎಣ್ಣೆ ಹೋಗಿ ಬೆಚ್ಚನೆಯದು ಬರಲಿ.

ಎಣ್ಣೆಯ ಒತ್ತಡ ಹೋದರೆ? ಒಂಟಿ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಅಲಗು ಸಣ್ಣ ಪಿಚ್‌ಗೆ ಮರಳುತ್ತದೆ, ಸುತ್ತು ಮಿತಿ ಮೀರಬಹುದು. ಎರಡು ಎಂಜಿನ್ನಿನವುಗಳಲ್ಲಿ ಅಲಗು ಫೆದರ್ ಸ್ಥಿತಿಗೆ, ಅಂದರೆ ಗಾಳಿಗೆ ಅಂಚು ಕೊಟ್ಟು ನಿಲ್ಲುವತ್ತ ಹೊರಳುತ್ತದೆ. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ಸುತ್ತುತ್ತಿದ್ದರೆ ಅದು ಒಡ್ಡುವ ಗಾಳಿಯ ತಡೆಯೇ ವಿಮಾನವನ್ನು ಕೆಳಗಿಳಿಸೀತು. ಅನೇಕ ಟರ್ಬೊಪ್ರಾಪ್‌ಗಳಲ್ಲಿ (ಟರ್ಬೈನ್ ಎಂಜಿನ್ ಪ್ರೊಪೆಲ್ಲರ್ ತಿರುಗಿಸುವ ವಿಮಾನಗಳಲ್ಲಿ) ಕೋನವನ್ನು ಋಣಕ್ಕೆ ಇಳಿಸಿ ರನ್‌ವೇ ಮೇಲೆ ಬ್ರೇಕಿನಂತೆ ಬಳಸುವುದೂ ಉಂಟು.

ಪರೀಕ್ಷೆಗೆ ಮುನ್ನ ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ) ಸ್ವಿಚ್ ಆರಿಸಿ, ಕೀಲಿ ಹೊರತೆಗೆಯಿರಿ. ಆದರೂ ಪ್ರೊಪೆಲ್ಲರ್ ತಿರುಗುವ ಹಾದಿಯಲ್ಲಿ ನಿಲ್ಲಬೇಡಿ. ಮ್ಯಾಗ್ನೆಟೊದ ಭೂಸಂಪರ್ಕದ ತಂತಿ ತುಂಡಾಗಿದ್ದರೆ ಕೈಯಿಂದ ತಿರುಗಿಸಿದರೂ ಎಂಜಿನ್ ಹತ್ತಿಕೊಂಡೀತು. ಅಲಗಿನ ಮುಂಚೂಣಿ ಅಂಚನ್ನು ಬುಡದಿಂದ ತುದಿಯವರೆಗೆ ಬೆರಳಾಡಿಸಿ ನೋಡಿ. ಕಲ್ಲು ತಾಗಿದ ಚೂಪು ಕಚ್ಚು ಲೋಹದಲ್ಲಿ ಬಿರುಕಿನ ಬೀಜ, ತುದಿಯ ಕಡೆಯದಂತೂ ಹೆಚ್ಚು ಅಪಾಯಕಾರಿ. ಅದನ್ನು ಅರದಿಂದ ಉಜ್ಜಿ ನಯಗೊಳಿಸುವುದು ಪರವಾನಗಿಯುಳ್ಳ ಮೆಕ್ಯಾನಿಕ್ ಕೆಲಸ, ಉಜ್ಜಬಹುದಾದ ಆಳಕ್ಕೂ ಮಿತಿಯಿದೆ. ಹಬ್‌ನಿಂದ ಎಣ್ಣೆ ಅಥವಾ ಗ್ರೀಸ್ ಚಿಮ್ಮಿದ ಗೆರೆ ಅಲಗಿನ ಮೇಲೆ ಕಂಡರೆ ಸೀಲ್ ಹೋಗಿರಬಹುದು, ಹಾರಬೇಡಿ. ಮರದ ಪ್ರೊಪೆಲ್ಲರನ್ನು ಅಡ್ಡಲಾಗಿ ನಿಲ್ಲಿಸಿಡಿ. ನೆಟ್ಟಗೆ ಬಿಟ್ಟರೆ ತೇವವೆಲ್ಲ ಕೆಳಗಿನ ಅಲಗಿಗಿಳಿದು ತೂಕ ತಪ್ಪುತ್ತದೆ.